ದುರ್ಗಮ ಹಾದಿಯ ವಾಹನಗಳಿಗೆ ವಿಂಚ್ ಹಾಗೂ ಹಗ್ಗದ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ರಾಜ್ಯದ ಮಲೆನಾಡು ಜಿಲ್ಲೆಗಳಲ್ಲಿ ಕಾಫಿ, ಅಡಿಕೆ ಹಾಗೂ ಏಲಕ್ಕಿ ತೋಟಗಳ ದಾರಿಗಳಲ್ಲಿಯೂ, ಕೊಡಚಾದ್ರಿ, ಮಾಂದಲಪಟ್ಟಿ ಮುಂತಾದ ಬೆಟ್ಟಗಳ ಕಚ್ಚಾ ರಸ್ತೆಗಳಲ್ಲಿಯೂ ನಾಲ್ಕು ಚಕ್ರ ಚಾಲನೆಯ ಜೀಪುಗಳು ಬಳಕೆಯಲ್ಲಿವೆ. ಮುಂಗಾರಿನ ತಿಂಗಳುಗಳಲ್ಲಿ ಈ ದಾರಿಗಳಲ್ಲಿ ವಾಹನ ಹೂತುಹೋಗುವುದು ಅಥವಾ ಜಾರಿ ಚರಂಡಿಗಿಳಿಯುವುದು ಸಾಮಾನ್ಯ. ಉತ್ತರ ಕರ್ನಾಟಕದ ಎರೆಮಣ್ಣಿನ ಹೊಲದ ದಾರಿಗಳಲ್ಲಿಯೂ ಮಳೆ ಬಿದ್ದ ದಿನಗಳಲ್ಲಿ ಇದೇ ಪರಿಸ್ಥಿತಿ ಉಂಟಾಗುತ್ತದೆ. ಇಂತಹ ಸಂದರ್ಭಗಳಲ್ಲಿ ವಾಹನವನ್ನು ಎಳೆದು ಹೊರತೆಗೆಯಲು ಬಳಸುವ ಸಾಧನವೇ ವಿಂಚ್.

ವಿಂಚ್ ಕೊಳ್ಳುವವರು ಸಾಮಾನ್ಯವಾಗಿ ಅದರ ಮೇಲೆ ಮುದ್ರಿಸಿರುವ ಸಾಮರ್ಥ್ಯದ ಅಂಕಿಯನ್ನು ಮಾತ್ರ ನೋಡುತ್ತಾರೆ. ಆದರೆ ಎಳೆಯುವ ಬಲವು ವಿಂಚಿನಿಂದ ಹಗ್ಗಕ್ಕೆ, ಹಗ್ಗದಿಂದ ಕೊಕ್ಕೆಗೆ, ಕೊಕ್ಕೆಯಿಂದ ಶ್ಯಾಕಲ್ ಮತ್ತು ಪಟ್ಟಿಗೆ, ಅಲ್ಲಿಂದ ಆಧಾರದ ಮರಕ್ಕೆ ಅಥವಾ ಬಂಡೆಗೆ ಹಾದುಹೋಗುತ್ತದೆ. ಈ ದಾರಿಯಲ್ಲಿ ಯಾವ ಭಾಗ ಎಲ್ಲಕ್ಕಿಂತ ದುರ್ಬಲವೋ ಅದರ ಶಕ್ತಿಯೇ ಇಡೀ ವ್ಯವಸ್ಥೆಯ ಶಕ್ತಿ. ಬಿಗಿದ ಹಗ್ಗ ಅಥವಾ ಅದಕ್ಕೆ ಕಟ್ಟಿದ ಲೋಹದ ಭಾಗ ತುಂಡಾದಲ್ಲಿ ಅದು ಸಮೀಪದಲ್ಲಿರುವವರ ಪ್ರಾಣಕ್ಕೆ ಎರವಾಗಬಲ್ಲದು. ಆದ್ದರಿಂದ ವಿಂಚ್, ಹಗ್ಗ ಹಾಗೂ ಜೊತೆಯ ಸಲಕರಣೆಗಳನ್ನು ಒಟ್ಟಾಗಿ ಲೆಕ್ಕ ಹಾಕಿ ಆಯ್ಕೆ ಮಾಡುವ ವಿಧಾನವನ್ನು ಸಾರ್ವಜನಿಕರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ವಿಂಚಿನ ಮುಖ್ಯ ಭಾಗಗಳು

(ಅ) ಡ್ರಮ್: ಹಗ್ಗವನ್ನು ಸುತ್ತಿಕೊಳ್ಳುವ ಉರುಳೆ.
(ಆ) ಮೋಟಾರು ಮತ್ತು ಗೇರು: ವೇಗವಾಗಿ ತಿರುಗುವ ಮೋಟಾರಿನ ಚಲನೆಯನ್ನು ನಿಧಾನಗೊಳಿಸಿ, ಬಲವನ್ನು ಹೆಚ್ಚಿಸುವ ಭಾಗ.
(ಇ) ಬ್ರೇಕು: ಮೋಟಾರು ನಿಂತಾಗ ಹಗ್ಗ ಹಿಂದಕ್ಕೆ ಜಾರದಂತೆ ತಡೆಯುವ ಭಾಗ.
(ಈ) ಕ್ಲಚ್: ಹಗ್ಗವನ್ನು ಕೈಯಿಂದ ಹೊರಗೆಳೆಯಲು ಡ್ರಮ್ಮನ್ನು ಬಿಡಿಸುವ ಸನ್ನೆ.
(ಉ) ಫೇರ್‌ಲೀಡ್: ಹಗ್ಗವು ಡ್ರಮ್ಮಿಗೆ ನೇರವಾಗಿ ಒಳಸರಿಯುವಂತೆ ಮಾಡುವ ಮುಂಭಾಗದ ಚೌಕಟ್ಟು. ಇದರಲ್ಲಿ ಉರುಳುವ ರೋಲರ್ ಇರುವ ಬಗೆ ಮತ್ತು ನುಣುಪಾದ ಅಲ್ಯೂಮಿನಿಯಂ ಕಿಂಡಿಯ ಬಗೆ ಎಂದು ಎರಡು ವಿಧಗಳಿವೆ.

3. ಎಷ್ಟು ಸಾಮರ್ಥ್ಯದ ವಿಂಚ್ ಅಗತ್ಯ?

3.1 ಮೊದಲ ಅಂದಾಜು

ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಸಾಮರ್ಥ್ಯದ ವಿಂಚ್ ಬೇಕೆಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಸೂತ್ರ. ಇಲ್ಲಿ ಒಟ್ಟು ತೂಕವೆಂದರೆ ಖಾಲಿ ವಾಹನದ ತೂಕವಲ್ಲ. ಪ್ರಯಾಣಿಕರು, ಇಂಧನ, ಸಾಮಾನು ಸೇರಿದ ತೂಕ. ನೋಂದಣಿ ಪ್ರಮಾಣಪತ್ರದಲ್ಲಿ ಅಥವಾ ತಯಾರಕರ ಕೈಪಿಡಿಯಲ್ಲಿ ನೀಡಿರುವ ತೂಕದ ವಿವರಗಳನ್ನು ಇದಕ್ಕೆ ಆಧಾರವಾಗಿಟ್ಟುಕೊಳ್ಳಬಹುದು.

ಮಾರುಕಟ್ಟೆಯಲ್ಲಿ ವಿಂಚಿನ ಸಾಮರ್ಥ್ಯವನ್ನು ಹೆಚ್ಚಾಗಿ ಪೌಂಡುಗಳಲ್ಲಿ ನಮೂದಿಸಿರುತ್ತಾರೆ. ಅದನ್ನು ಕಿಲೋಗ್ರಾಂಗೆ ಪರಿವರ್ತಿಸಿ ನೋಡತಕ್ಕದ್ದು:

6,000 ಪೌಂಡು – 2,722 ಕೆ.ಜಿ.
8,000 ಪೌಂಡು – 3,629 ಕೆ.ಜಿ.
9,500 ಪೌಂಡು – 4,309 ಕೆ.ಜಿ.
12,000 ಪೌಂಡು – 5,443 ಕೆ.ಜಿ.

ಉದಾಹರಣೆಗೆ, ಒಟ್ಟು ತೂಕ 1,600 ಕೆ.ಜಿ. ಇರುವ ಸಣ್ಣ ಜೀಪಿಗೆ 2,400 ಕೆ.ಜಿ. ಸಾಮರ್ಥ್ಯ ಬೇಕಾಗುವುದರಿಂದ 6,000 ಪೌಂಡಿನ ವಿಂಚ್ ಸಾಕಾಗುತ್ತದೆ. ಒಟ್ಟು ತೂಕ 2,300 ಕೆ.ಜಿ. ಇರುವ ವಾಹನಕ್ಕೆ 3,450 ಕೆ.ಜಿ. ಬೇಕಾಗುವುದರಿಂದ 8,000 ಪೌಂಡಿನ ವಿಂಚ್ ಕನಿಷ್ಠ ಆಯ್ಕೆಯಾಗುತ್ತದೆ.

3.2 ನೆಲದ ಪ್ರತಿರೋಧ

ವಾಹನ ಸಿಕ್ಕಿಹಾಕಿಕೊಂಡಾಗ ಅದನ್ನು ಎಳೆಯಲು ಬೇಕಾಗುವ ಬಲವು ನೆಲದ ಸ್ವರೂಪವನ್ನು ಅವಲಂಬಿಸಿರುತ್ತದೆ. ವಾಹನ ರಕ್ಷಣಾ ಕಾರ್ಯದಲ್ಲಿ ಅನುಸರಿಸುವ ಸ್ಥೂಲ ಲೆಕ್ಕ ಈ ಕೆಳಕಂಡಂತಿದೆ.

(ಅ) ಚಕ್ರಗಳು ಉರುಳುವ ಸ್ಥಿತಿಯಲ್ಲಿದ್ದರೆ: ಗಟ್ಟಿ ರಸ್ತೆಯಲ್ಲಿ ತೂಕದ 25ನೇ ಒಂದು ಭಾಗ, ಹುಲ್ಲು ನೆಲದಲ್ಲಿ 7ನೇ ಒಂದು ಭಾಗ, ಸಡಿಲವಾದ ಒಣ ಮರಳಿನಲ್ಲಿ 4ನೇ ಒಂದು ಭಾಗ, ತೆಳು ಕೆಸರಿನಲ್ಲಿ 3ನೇ ಒಂದು ಭಾಗ, ಜೌಗು ಅಥವಾ ಅಂಟು ಜೇಡಿಮಣ್ಣಿನಲ್ಲಿ ಅರ್ಧ ಭಾಗ.
(ಆ) ಚಕ್ರಗಳ ಮಟ್ಟಕ್ಕೆ ಹೂತಿದ್ದರೆ: ವಾಹನದ ಪೂರ್ಣ ತೂಕದಷ್ಟು.
(ಇ) ಮಡ್‌ಗಾರ್ಡಿನ ಮಟ್ಟಕ್ಕೆ ಹೂತಿದ್ದರೆ: ತೂಕದ ಎರಡು ಪಟ್ಟು.
(ಈ) ದಾರಿ ಏರಾಗಿದ್ದರೆ: ಏರಿನ ಪ್ರತಿ ಒಂದು ಡಿಗ್ರಿಗೆ ತೂಕದ 60ನೇ ಒಂದು ಭಾಗವನ್ನು ಮೇಲಿನದಕ್ಕೆ ಸೇರಿಸತಕ್ಕದ್ದು.

2,300 ಕೆ.ಜಿ. ತೂಕದ ವಾಹನವು 15 ಡಿಗ್ರಿ ಏರಿನಲ್ಲಿ ಚಕ್ರಗಳ ಮಟ್ಟಕ್ಕೆ ಹೂತಿದೆ ಎಂದಿಟ್ಟುಕೊಂಡರೆ, ಹೂತದ್ದಕ್ಕೆ 2,300 ಕೆ.ಜಿ., ಏರಿಗೆ 575 ಕೆ.ಜಿ., ಒಟ್ಟು 2,875 ಕೆ.ಜಿ. ಬಲ ಬೇಕಾಗುತ್ತದೆ. 3,629 ಕೆ.ಜಿ. ವಿಂಚಿಗೆ ಇದು ಸುಲಭವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮುಂದಿನ ಅಂಶವನ್ನು ಗಮನಿಸದಿದ್ದಲ್ಲಿ ಲೆಕ್ಕ ತಪ್ಪುತ್ತದೆ.

3.3 ಡ್ರಮ್ಮಿನ ಮೇಲಿನ ಹಗ್ಗದ ಪದರಗಳು

ವಿಂಚಿನ ಮೇಲೆ ಮುದ್ರಿಸಿರುವ ಸಾಮರ್ಥ್ಯವು ಡ್ರಮ್ಮಿಗೆ ತಾಗಿಕೊಂಡಿರುವ ಮೊದಲ ಪದರದ ಹಗ್ಗಕ್ಕೆ ಮಾತ್ರ ಅನ್ವಯಿಸುತ್ತದೆ. ಪದರ ಹೆಚ್ಚಿದಂತೆ ಸುತ್ತಿನ ತ್ರಿಜ್ಯ ಹೆಚ್ಚುತ್ತದೆ, ಎಳೆಯುವ ಬಲ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಡ್ರಮ್ಮಿನ ವ್ಯಾಸ 64 ಮಿ.ಮೀ., ಹಗ್ಗದ ವ್ಯಾಸ 8 ಮಿ.ಮೀ. ಇರುವ 3,629 ಕೆ.ಜಿ. ವಿಂಚಿನ ಸ್ಥೂಲ ಲೆಕ್ಕ ಹೀಗಿರುತ್ತದೆ:

ಮೊದಲನೆಯ ಪದರ – 3,629 ಕೆ.ಜಿ.
ಎರಡನೆಯ ಪದರ – 2,969 ಕೆ.ಜಿ.
ಮೂರನೆಯ ಪದರ – 2,512 ಕೆ.ಜಿ.
ನಾಲ್ಕನೆಯ ಪದರ – 2,177 ಕೆ.ಜಿ.

ಇದೇ ಡ್ರಮ್ಮಿನ ಅಗಲ 230 ಮಿ.ಮೀ. ಇದ್ದಲ್ಲಿ ಮೊದಲ ಎರಡು ಪದರಗಳಲ್ಲಿ ಸುಮಾರು 14 ಮೀಟರ್ ಹಗ್ಗ ಹಿಡಿಯುತ್ತದೆ. 30 ಮೀಟರ್ ಹಗ್ಗವಿರುವ ವಿಂಚನ್ನು 10 ಮೀಟರ್ ದೂರದ ಮರಕ್ಕೆ ಕಟ್ಟಿದಾಗ 20 ಮೀಟರ್ ಹಗ್ಗ ಡ್ರಮ್ಮಿನ ಮೇಲೆಯೇ ಉಳಿಯುವುದರಿಂದ ವಿಂಚ್ ಮೂರನೆಯ ಪದರದಲ್ಲಿ ಎಳೆಯುತ್ತಿರುತ್ತದೆ. ಆಗ ದೊರೆಯುವ ಬಲ 2,512 ಕೆ.ಜಿ. ಮಾತ್ರ, ಬೇಕಾದದ್ದು 2,875 ಕೆ.ಜಿ. ವಾಹನ ಕದಲುವುದಿಲ್ಲ, ಮೋಟಾರು ಬಿಸಿಯಾಗುತ್ತದೆ.

ಇದಕ್ಕೆ ಹೆಚ್ಚು ಸಾಮರ್ಥ್ಯದ ವಿಂಚ್ ಕೊಳ್ಳುವುದೊಂದೇ ಪರಿಹಾರವಲ್ಲ. ಮರಕ್ಕೆ ಸ್ನ್ಯಾಚ್ ಬ್ಲಾಕ್ ಎಂಬ ರಾಟೆಯನ್ನು ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ವಾಹನಕ್ಕೇ ಮರಳಿ ತಂದು ಕಟ್ಟಿದಲ್ಲಿ 20 ಮೀಟರ್ ಹಗ್ಗ ಹೊರಬರುತ್ತದೆ. ಡ್ರಮ್ಮಿನ ಮೇಲೆ 10 ಮೀಟರ್ ಉಳಿದು ವಿಂಚ್ ಎರಡನೆಯ ಪದರದಲ್ಲಿ ಎಳೆಯುತ್ತದೆ. ಬಲವೂ ಇಮ್ಮಡಿಯಾಗುತ್ತದೆ. ರಾಟೆಯ ಘರ್ಷಣೆಗೆ ಶೇ. 10ರಷ್ಟು ಕಳೆದರೂ ಸುಮಾರು 5,300 ಕೆ.ಜಿ. ಬಲ ದೊರೆಯುತ್ತದೆ. ಎಳೆಯುವ ವೇಗ ಅರ್ಧಕ್ಕಿಳಿಯುತ್ತದೆಯಾದರೂ ಹಗ್ಗ ಮತ್ತು ಮೋಟಾರಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಆದ್ದರಿಂದ ವಿಂಚ್ ಕೊಳ್ಳುವವರು ರಾಟೆಯನ್ನು ಐಚ್ಛಿಕ ವಸ್ತುವೆಂದು ಭಾವಿಸದೆ ವಿಂಚಿನ ಭಾಗವೆಂದೇ ಪರಿಗಣಿಸುವುದು ಸೂಕ್ತ.

4. ವಿಂಚಿನ ಬಗೆಗಳು

4.1 ವಿದ್ಯುತ್ ವಿಂಚ್

ವಾಹನದ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಈ ಬಗೆ ಹೆಚ್ಚು ಬಳಕೆಯಲ್ಲಿದೆ. ಅಳವಡಿಸುವುದು ಸುಲಭ. ಎಂಜಿನ್ ನಿಂತಿದ್ದರೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಆದರೆ ಪೂರ್ಣ ಭಾರದಲ್ಲಿ ದೊಡ್ಡ ವಿಂಚುಗಳು 400 ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ಸೆಳೆಯಬಹುದು. ವಾಹನದ ಆಲ್ಟರ್ನೇಟರ್ ಇದರ ಒಂದು ಸಣ್ಣ ಭಾಗವನ್ನಷ್ಟೇ ಒದಗಿಸಬಲ್ಲದು. ಉಳಿದದ್ದು ಬ್ಯಾಟರಿಯಿಂದಲೇ ಹೋಗುತ್ತದೆ. ಆದ್ದರಿಂದ ಎಂಜಿನ್ ಚಾಲನೆಯಲ್ಲಿಟ್ಟು, ಸುಮಾರು ಒಂದು ನಿಮಿಷ ಎಳೆದು, ಮೋಟಾರು ತಣಿಯಲು ಬಿಟ್ಟು, ಮತ್ತೆ ಎಳೆಯತಕ್ಕದ್ದು. ಹಳೆಯ ಅಥವಾ ದುರ್ಬಲ ಬ್ಯಾಟರಿಯಿರುವ ವಾಹನಕ್ಕೆ ವಿದ್ಯುತ್ ವಿಂಚ್ ಹಾಕಿಸುವ ಮುನ್ನ ಬ್ಯಾಟರಿಯನ್ನು ಬದಲಾಯಿಸುವುದು ಅಗತ್ಯ.

ಮೋಟಾರುಗಳಲ್ಲಿ ಎರಡು ವಿಧಗಳಿವೆ. ಶಾಶ್ವತ ಕಾಂತದ ಮೋಟಾರು ಕಡಿಮೆ ವಿದ್ಯುತ್ ಬಳಸುತ್ತದೆಯಾದರೂ ಬೇಗ ಬಿಸಿಯಾಗುತ್ತದೆ. ಹಗುರ ವಾಹನ ಮತ್ತು ಅಪರೂಪದ ಬಳಕೆಗೆ ಇದು ಸಾಕು. ಸೀರೀಸ್ ವೂಂಡ್ ಮೋಟಾರು ಹೆಚ್ಚು ವಿದ್ಯುತ್ ಬಳಸಿದರೂ ಭಾರದ ಕೆಲಸವನ್ನು ಹೆಚ್ಚು ಹೊತ್ತು ತಾಳುತ್ತದೆ. ಮಲೆನಾಡಿನ ಮಳೆ ಹಾಗೂ ಹಳ್ಳ ದಾಟುವ ಬಳಕೆಗೆ ನೀರು ಒಳಸೇರದ ಐಪಿ 67 ಅಥವಾ ಐಪಿ 68 ದರ್ಜೆಯ ವಿಂಚನ್ನು ಆರಿಸುವುದು ಒಳಿತು. ಐಪಿ 67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಒಳಗೆ ಹಾನಿಕರ ಪ್ರಮಾಣದಲ್ಲಿ ನೀರು ಸೇರದೆಂದು ಪರೀಕ್ಷಿಸಿದ ದರ್ಜೆ.

4.2 ಹೈಡ್ರಾಲಿಕ್ ವಿಂಚ್

ಎಂಜಿನ್ನಿನಿಂದ ನಡೆಯುವ ಪಂಪಿನ ಎಣ್ಣೆಯ ಒತ್ತಡದಿಂದ ಇದು ಕೆಲಸ ಮಾಡುತ್ತದೆ. ವಿದ್ಯುತ್ ಮೋಟಾರಿನಂತೆ ಬೇಗ ಬಿಸಿಯಾಗದು, ದೀರ್ಘಕಾಲ ಎಳೆಯಬಲ್ಲದು. ಆದರೆ ಎಂಜಿನ್ ನಿಂತರೆ ವಿಂಚೂ ನಿಲ್ಲುತ್ತದೆ. ಅಳವಡಿಕೆಗೆ ನುರಿತ ಕೆಲಸಗಾರರು ಬೇಕು. ದಿನನಿತ್ಯ ಮರದ ದಿಮ್ಮಿ ಎಳೆಯುವಂತಹ ವೃತ್ತಿಪರ ಬಳಕೆಗೆ ಇದು ಹೊಂದುತ್ತದೆ.

4.3 ಕೈ ವಿಂಚ್

ಸನ್ನೆಯನ್ನು ಹಿಂದೆಮುಂದೆ ಆಡಿಸಿ ತಂತಿಹಗ್ಗವನ್ನು ಹಂತಹಂತವಾಗಿ ಎಳೆಯುವ, ಟಿರ್ಫರ್ ಎಂಬ ಹೆಸರಿನಿಂದ ಜನಜನಿತವಾದ ಸಾಧನ ಇದು. 800, 1,600 ಹಾಗೂ 3,200 ಕೆ.ಜಿ. ಸಾಮರ್ಥ್ಯದ ಮಾದರಿಗಳು ಪ್ರಚಲಿತದಲ್ಲಿವೆ. ನಿಧಾನ ಮತ್ತು ಶ್ರಮದ ಕೆಲಸವಾದರೂ ಇದರ ಅನುಕೂಲಗಳು ಗಮನಾರ್ಹ: ಬ್ಯಾಟರಿ ಬೇಡ; ವಾಹನದ ಮುಂದಕ್ಕೂ ಹಿಂದಕ್ಕೂ ಪಕ್ಕಕ್ಕೂ ಎಳೆಯಬಹುದು; ವಾಹನದೊಳಗೆ ಇಟ್ಟುಕೊಂಡು ಹೋಗುವ ಸಲಕರಣೆಯಾದ್ದರಿಂದ ವಾಹನದ ರಚನೆಯಲ್ಲಿ ಯಾವ ಬದಲಾವಣೆಯೂ ಬೇಕಿಲ್ಲ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಅಗತ್ಯ ಬೀಳುವ ತೋಟದ ಮಾಲೀಕರು ಮೊದಲು ಇದನ್ನು ಪರಿಗಣಿಸಬಹುದು. ಇದಕ್ಕೆ ತಯಾರಕರು ಸೂಚಿಸಿದ ಅಳತೆಯ ತಂತಿಹಗ್ಗವನ್ನಲ್ಲದೆ ಬೇರೆ ಹಗ್ಗ ಬಳಸಕೂಡದು.

5. ಹಗ್ಗದ ಆಯ್ಕೆ

5.1 ಉಕ್ಕಿನ ತಂತಿಹಗ್ಗ

ಸತು ಲೇಪಿತ ಉಕ್ಕಿನ ಸಣ್ಣ ತಂತಿಗಳನ್ನು ಎಳೆಗಳಾಗಿ ಹೊಸೆದು ಇದನ್ನು ತಯಾರಿಸುತ್ತಾರೆ. ತಲಾ 19 ತಂತಿಗಳ ಏಳು ಎಳೆಗಳಿರುವ ಸತು ಲೇಪಿತ ಹಗ್ಗ ಹೊಸತಿದ್ದಾಗ ತುಂಡಾಗುವ ಭಾರ ಸಾಮಾನ್ಯವಾಗಿ ಹೀಗಿರುತ್ತದೆ:

6.4 ಮಿ.ಮೀ. – 3,175 ಕೆ.ಜಿ.
8 ಮಿ.ಮೀ. – 4,445 ಕೆ.ಜಿ.
9.5 ಮಿ.ಮೀ. – 6,532 ಕೆ.ಜಿ.

ಈ ಅಂಕಿಗಳನ್ನು ವಿಂಚಿನ ಸಾಮರ್ಥ್ಯದೊಂದಿಗೆ ಹೋಲಿಸಿ ನೋಡುವುದು ಅತ್ಯಗತ್ಯ. 4,309 ಕೆ.ಜಿ. ವಿಂಚಿಗೆ 8 ಮಿ.ಮೀ. ಉಕ್ಕಿನ ಹಗ್ಗ ಹಾಕಿದ್ದಲ್ಲಿ ಮೊದಲ ಪದರದ ಪೂರ್ಣ ಎಳೆತಕ್ಕೂ ಹೊಸ ಹಗ್ಗ ತುಂಡಾಗುವ ಭಾರಕ್ಕೂ ಇರುವ ಅಂತರ ಕೇವಲ 136 ಕೆ.ಜಿ. ಒಂದು ಗಂಟುಮುರಿ, ಸ್ವಲ್ಪ ತುಕ್ಕು ಅಥವಾ ಕೆಲವು ತುಂಡಾದ ತಂತಿಗಳು ಈ ಅಂತರವನ್ನು ಇಲ್ಲವಾಗಿಸುತ್ತವೆ. ಭಾರ ಎತ್ತುವ ಯಂತ್ರಗಳ ಹಗ್ಗಕ್ಕೆ ಎತ್ತುವ ಭಾರದ ಹಲವು ಪಟ್ಟು ಶಕ್ತಿಯಿರುತ್ತದೆ. ವಾಹನದ ವಿಂಚಿನ ಹಗ್ಗಕ್ಕೆ ಅಂತಹ ರಕ್ಷಣೆ ಇರುವುದಿಲ್ಲ. ಈ ಕಾರಣದಿಂದಲೇ ವಾಹನದ ವಿಂಚನ್ನು ಮನುಷ್ಯರನ್ನು ಎತ್ತಲು, ಬಾವಿಗೆ ಇಳಿಸಲು ಎಂದಿಗೂ ಬಳಸಕೂಡದು.

ಅನುಕೂಲಗಳು: ಬಂಡೆ, ಕಲ್ಲುಗಳಿಗೆ ಉಜ್ಜಿದರೂ ಬೇಗ ಸವೆಯದು, ಬಿಸಿಲು ಮತ್ತು ಬಿಸಿಯನ್ನು ತಾಳುತ್ತದೆ, ಬೆಲೆ ಕಡಿಮೆ.

ಅನಾನುಕೂಲಗಳು: ತೂಕ ಹೆಚ್ಚು, 9.5 ಮಿ.ಮೀ. ಗಾತ್ರದ 30 ಮೀಟರ್ ಹಗ್ಗ ಸುಮಾರು 11 ಕೆ.ಜಿ. ತೂಗುತ್ತದೆ. ಒಮ್ಮೆ ಗಂಟುಮುರಿ ಬಿದ್ದರೆ ನೇರಗೊಳಿಸಿದರೂ ಶಕ್ತಿ ಮರಳದು. ತುಂಡಾದ ತಂತಿಗಳು ಅಂಗೈಯನ್ನು ಸೀಳುತ್ತವೆ. ಕರಾವಳಿಯ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯುತ್ತದೆ. ಭಾರದಲ್ಲಿ ತುಂಡಾದಾಗ ತನ್ನ ತೂಕದಿಂದಾಗಿ ಅಪಾಯಕಾರಿ ವೇಗ ಮತ್ತು ಬಲದಿಂದ ಹಿಂದಕ್ಕೆ ಸಿಡಿಯುತ್ತದೆ.

ಉಕ್ಕಿನ ಹಗ್ಗ ಕೊಳ್ಳುವಾಗ ಭಾರತೀಯ ಮಾನಕ ಐಎಸ್ 2266 ಅಥವಾ ತತ್ಸಮಾನ ಮಾನಕದ ಉಲ್ಲೇಖ ಹಾಗೂ ಕನಿಷ್ಠ ತುಂಡಾಗುವ ಭಾರವನ್ನು ನಮೂದಿಸಿದ ತಯಾರಕರ ಪ್ರಮಾಣಪತ್ರವನ್ನು ಕೇಳಿ ಪಡೆಯತಕ್ಕದ್ದು.

5.2 ಸಿಂಥೆಟಿಕ್ ಹಗ್ಗ

ವಿಂಚಿಗೆ ಬಳಸುವ ಸಿಂಥೆಟಿಕ್ ಹಗ್ಗವು ಅಂಗಡಿಯಲ್ಲಿ ದೊರೆಯುವ ನೈಲಾನ್ ಅಥವಾ ಪ್ಲಾಸ್ಟಿಕ್ ಹಗ್ಗವಲ್ಲ. ಹೈ ಮಾಡ್ಯುಲಸ್ ಪಾಲಿಥಿಲೀನ್ ಎಂಬ ವಿಶೇಷ ನಾರನ್ನು 12 ಎಳೆಗಳಲ್ಲಿ ಹೆಣೆದು ತಯಾರಿಸಿದ ಹಗ್ಗ. ಡೈನೀಮಾ ಎಂಬುದು ಈ ನಾರಿನ ಒಂದು ಪ್ರಸಿದ್ಧ ವ್ಯಾಪಾರನಾಮ. ಉತ್ತಮ ಗುಣಮಟ್ಟದ 9.5 ಮಿ.ಮೀ. ಹಗ್ಗ ತುಂಡಾಗುವ ಭಾರ ಸುಮಾರು 8 ಟನ್. ಅದೇ ಗಾತ್ರದ ಉಕ್ಕಿನ ಹಗ್ಗಕ್ಕಿಂತ ಹೆಚ್ಚು. 30 ಮೀಟರಿನ ತೂಕ ಎರಡು ಕೆ.ಜಿ.ಗಿಂತ ಕಡಿಮೆ. ನೀರಿನಲ್ಲಿ ತೇಲುತ್ತದೆ. ತುಕ್ಕು ಹಿಡಿಯದು.

ತುಂಡಾದಾಗಲೂ ಹಗುರವಾಗಿರುವುದರಿಂದ ಸಿಡಿತದ ಬಲ ಉಕ್ಕಿಗಿಂತ ಕಡಿಮೆ. ಆದರೆ ಇದರಿಂದ ಅಪಾಯವೇ ಇಲ್ಲವೆಂದು ಭಾವಿಸುವುದು ತಪ್ಪು. ಹಗ್ಗದ ತುದಿಯಲ್ಲಿರುವ ಕೊಕ್ಕೆ ಅಥವಾ ಶ್ಯಾಕಲ್ ಕಳಚಿದಲ್ಲಿ ಆ ಲೋಹದ ತುಂಡು ಹಾರುವುದನ್ನು ಹಗ್ಗದ ಹಗುರತನ ತಡೆಯದು.

ಈ ಹಗ್ಗಕ್ಕೆ ಮೂರು ಶತ್ರುಗಳಿವೆ.

(ಅ) ಬಿಸಿ: ಈ ನಾರು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ, ಸುಮಾರು 70 ಡಿಗ್ರಿಯ ಆಚೆ, ಶಕ್ತಿ ಕುಂದುತ್ತದೆ. ಕೆಲವು ವಿಂಚುಗಳ ಬ್ರೇಕು ಡ್ರಮ್ಮಿನ ಒಳಗಿರುತ್ತದೆ. ಭಾರವಿರುವಾಗ ಹಗ್ಗವನ್ನು ಮೋಟಾರಿನಿಂದ ಹೊರಬಿಟ್ಟಲ್ಲಿ, ಅಂದರೆ ವಾಹನವನ್ನು ಇಳಿಜಾರಿನಲ್ಲಿ ಇಳಿಸಿದಲ್ಲಿ, ಆ ಬ್ರೇಕಿನ ಬಿಸಿಯಿಂದ ಡ್ರಮ್ಮು ಕಾದು ಮೊದಲ ಪದರದ ಹಗ್ಗ ಹಾಳಾಗುತ್ತದೆ. ಸಿಂಥೆಟಿಕ್ ಹಗ್ಗ ಬೇಕೆನ್ನುವವರು ಬ್ರೇಕು ಡ್ರಮ್ಮಿನ ಹೊರಗಿರುವ ವಿಂಚನ್ನು ಆರಿಸುವುದು ಅಥವಾ ಮೊದಲ ಪದರಕ್ಕೆ ಶಾಖನಿರೋಧಕ ಹೊದಿಕೆಯಿರುವ ಹಗ್ಗವನ್ನು ಕೊಳ್ಳುವುದು ಸೂಕ್ತ.

(ಆ) ಉಜ್ಜುವಿಕೆ: ಬಂಡೆಯ ಅಂಚು ಅಥವಾ ಒರಟು ಲೋಹಕ್ಕೆ ಉಜ್ಜಿದರೆ ನಾರು ಕತ್ತರಿಸುತ್ತದೆ. ಹಗ್ಗ ನೆಲಕ್ಕೆ ತಾಗುವ ಕಡೆ ಹೊದಿಕೆ ತೋಳನ್ನು ಸರಿಸಿ ಹಾಕತಕ್ಕದ್ದು.

(ಇ) ಬಿಸಿಲು ಮತ್ತು ಕೆಸರು: ನಿರಂತರ ಬಿಸಿಲಿನಿಂದ ನಾರು ಕ್ಷೀಣಿಸುತ್ತದೆ. ಎಳೆಗಳ ನಡುವೆ ಸೇರಿದ ಮರಳು, ಮಣ್ಣು ಒಳಗಿನಿಂದ ಸವೆಸುತ್ತದೆ. ಬಳಸಿದ ಮೇಲೆ ಶುದ್ಧ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ವಿಂಚಿಗೆ ಮುಚ್ಚಿಗೆ ಹಾಕತಕ್ಕದ್ದು.

ಸಿಂಥೆಟಿಕ್ ಹಗ್ಗಕ್ಕೆ ಗಂಟು ಹಾಕಕೂಡದು. ಗಂಟಿನಿಂದ ಶಕ್ತಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಕುಂದುತ್ತದೆ. ಈ ನಾರು ನುಣುಪಾಗಿರುವುದರಿಂದ ಗಂಟು ಜಾರುವುದೂ ಉಂಟು. ತುಂಡಾದಲ್ಲಿ ಒಂದು ತುದಿಯನ್ನು ಇನ್ನೊಂದರ ಟೊಳ್ಳು ಹೆಣಿಗೆಯೊಳಗೆ, ಹಗ್ಗದ ವ್ಯಾಸದ ಸುಮಾರು 72 ಪಟ್ಟು ಉದ್ದದವರೆಗೆ ಸೇರಿಸಿ ಜೋಡಿಸಬೇಕು. 10 ಮಿ.ಮೀ. ಹಗ್ಗಕ್ಕೆ ಇದು ಸುಮಾರು 72 ಸೆಂ.ಮೀ. ಆಗುತ್ತದೆ. ಈ ಜೋಡಣೆಯನ್ನು ಕಲಿತವರು ಸ್ಥಳದಲ್ಲಿಯೇ ಹಗ್ಗವನ್ನು ಸರಿಪಡಿಸಿಕೊಳ್ಳಬಹುದು. ಉಕ್ಕಿನ ಹಗ್ಗದಲ್ಲಿ ಇದು ಸುಲಭಸಾಧ್ಯವಲ್ಲ.

5.3 ಯಾರಿಗೆ ಯಾವ ಹಗ್ಗ?

(ಅ) ಬಂಡೆ, ಜಲ್ಲಿಗಳ ದಾರಿ. ವಿಂಚನ್ನು ಸದಾ ಬಿಸಿಲಿನಲ್ಲಿಯೇ ಬಿಡುವ ವಾಹನ. ತೊಳೆದು ಒಣಗಿಸಲು ಪುರುಸೊತ್ತಿಲ್ಲದ ತೋಟದ ಬಳಕೆ: ಉಕ್ಕಿನ ಹಗ್ಗ.
(ಆ) ಕೆಸರು, ಹಳ್ಳ, ಹುಲ್ಲುಗಾವಲಿನ ದಾರಿ. ಹಗ್ಗವನ್ನು ಹೊತ್ತು ಏರು ಹತ್ತಬೇಕಾದ ಸಂದರ್ಭ. ಮುಂಭಾಗದ ತೂಕ ಹೆಚ್ಚಬಾರದ ಹಗುರ ವಾಹನ. ನಿಯಮಿತವಾಗಿ ಪರಿಶೀಲಿಸುವ ಮಾಲೀಕ: ಸಿಂಥೆಟಿಕ್ ಹಗ್ಗ.
(ಇ) ಕರಾವಳಿಯ ಬಳಕೆ: ತುಕ್ಕಿನ ದೃಷ್ಟಿಯಿಂದ ಸಿಂಥೆಟಿಕ್ ಮೇಲು; ಮರಳನ್ನು ತೊಳೆಯುವುದು ಕಡ್ಡಾಯ.

ಉಕ್ಕಿನ ಹಗ್ಗಕ್ಕೆ ರೋಲರ್ ಫೇರ್‌ಲೀಡ್, ಸಿಂಥೆಟಿಕ್ ಹಗ್ಗಕ್ಕೆ ನುಣುಪಾದ ಅಲ್ಯೂಮಿನಿಯಂ ಕಿಂಡಿ ಬಳಸುವುದು ರೂಢಿ. ಉಕ್ಕಿನ ಹಗ್ಗ ಓಡಾಡಿ ಗೀರು ಬಿದ್ದ ಫೇರ್‌ಲೀಡಿನಲ್ಲಿ ಸಿಂಥೆಟಿಕ್ ಹಗ್ಗ ಹಾಯಿಸಿದರೆ ಅದು ಹರಿಯುತ್ತದೆ.

6. ಜೊತೆಯ ಸಲಕರಣೆಗಳು

(ಅ) ಮರಕ್ಕೆ ಸುತ್ತುವ ಅಗಲವಾದ ಪಟ್ಟಿ: ತಂತಿಹಗ್ಗ ಅಥವಾ ಸರಪಳಿಯನ್ನು ನೇರವಾಗಿ ಮರಕ್ಕೆ ಸುತ್ತಿದರೆ ತೊಗಟೆ ಕತ್ತರಿಸಿ ಮರ ಸಾಯಬಹುದು. ಪಟ್ಟಿಯನ್ನು ಬುಡಕ್ಕೆ ಸಮೀಪದಲ್ಲಿ ಕಟ್ಟತಕ್ಕದ್ದು.
(ಆ) ಸ್ನ್ಯಾಚ್ ಬ್ಲಾಕ್: ಹಗ್ಗದ ಬಗೆ ಮತ್ತು ಗಾತ್ರಕ್ಕೆ ಹೊಂದುವಂತಿರಬೇಕು.
(ಇ) ಶ್ಯಾಕಲ್: ಸುರಕ್ಷಿತ ಭಾರವನ್ನು ಲೋಹದ ಮೇಲೆಯೇ ಅಚ್ಚೊತ್ತಿರುವುದನ್ನೇ ಕೊಳ್ಳಬೇಕು. 19 ಮಿ.ಮೀ. ಗಾತ್ರದ ದರ್ಜೆಯ ಶ್ಯಾಕಲ್ಲಿಗೆ ಸಾಮಾನ್ಯವಾಗಿ 4.75 ಟನ್, 16 ಮಿ.ಮೀ. ಗಾತ್ರದ್ದಕ್ಕೆ 3.25 ಟನ್ ಎಂದಿರುತ್ತದೆ. ಅಚ್ಚಿಲ್ಲದ ಶ್ಯಾಕಲ್ಲನ್ನು ಬಳಸಕೂಡದು.
(ಈ) ಹಗ್ಗದ ಮೇಲೆ ಹೊದಿಸುವ ಭಾರವಾದ ಹೊದಿಕೆ, ದಪ್ಪ ಚರ್ಮದ ಕೈಗವಸು ಹಾಗೂ ಸನಿಕೆ.

ರಾಟೆ ಬಳಸಿದಾಗ ಮರಕ್ಕೆ ಕಟ್ಟಿದ ಪಟ್ಟಿ ಮತ್ತು ಶ್ಯಾಕಲ್ಲಿನ ಮೇಲೆ ಹಗ್ಗದ ಎಳೆತದ ಎರಡು ಪಟ್ಟು ಭಾರ ಬೀಳುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ವಿಂಚಿಗೆ ಸರಿಹೊಂದುವ ಪಟ್ಟಿ, ರಾಟೆಯೊಂದಿಗೆ ಬಳಸುವಾಗ ಸಾಲದೆ ಹೋಗಬಹುದು.

7. ಅಳವಡಿಕೆ ಮತ್ತು ಕಾನೂನು

7.1 ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ ಅನ್ವಯ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

7.2 ವಾಹನದ ಮುಂಭಾಗಕ್ಕೆ ಹಾಕುವ ಕ್ರ್ಯಾಶ್ ಗಾರ್ಡ್ ಹಾಗೂ ಬುಲ್ ಬಾರ್‌ಗಳು ಕಲಂ 52ರ ಉಲ್ಲಂಘನೆಯೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದು ತಿಳಿಸಿದೆ. ಹಲವು ವಿಂಚುಗಳನ್ನು ಇಂತಹ ಕಬ್ಬಿಣದ ಬಂಪರಿನೊಂದಿಗೇ ಮಾರಾಟ ಮಾಡುವುದರಿಂದ ಖರೀದಿದಾರರು ಎಚ್ಚರ ವಹಿಸಬೇಕು. ಹಣ ಪಾವತಿಸುವ ಮುನ್ನ ವಿಂಚಿನ ವಿವರ, ತೂಕ, ಅಳವಡಿಸುವ ಸ್ಥಳ ಹಾಗೂ ನೋಂದಣಿ ಪ್ರಮಾಣಪತ್ರದ ಪ್ರತಿಯೊಂದಿಗೆ ವಾಹನ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸಿ ಲಿಖಿತ ಉತ್ತರ ಪಡೆಯುವುದು ಸೂಕ್ತ. ಮಾರಾಟಗಾರರ ಬಾಯಿಮಾತಿನ ಭರವಸೆ ತಪಾಸಣೆಯ ಸಮಯದಲ್ಲಿ ಉಪಯೋಗಕ್ಕೆ ಬಾರದು.

7.3 ವಿಂಚ್ ಮತ್ತು ಅದರ ತಳಪಟ್ಟಿ ಸೇರಿ ಮುಂಭಾಗಕ್ಕೆ ಹಲವು ಹತ್ತು ಕಿಲೋಗ್ರಾಂ ಭಾರ ಸೇರುತ್ತದೆ. ಇದು ಮುಂದಿನ ಸ್ಪ್ರಿಂಗು, ರೇಡಿಯೇಟರಿನ ಗಾಳಿ ಹಾಗೂ ಏರ್‌ಬ್ಯಾಗಿನ ಸಂವೇದಕಗಳ ಮೇಲೆ ಪರಿಣಾಮ ಬೀರಬಹುದು. ವಿಂಚನ್ನು ಚಾಸಿಗೆ ಬೋಲ್ಟುಗಳಿಂದ ಬಿಗಿಯಬೇಕೇ ಹೊರತು ತೆಳು ತಗಡಿನ ಬಂಪರಿಗಲ್ಲ. ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸದಿದ್ದಲ್ಲಿ ಅಪಘಾತ ಪರಿಹಾರದ ಕೋರಿಕೆಗೆ ತೊಡಕುಂಟಾಗಬಹುದು.

7.4 ಮೀಸಲು ಅರಣ್ಯ ಹಾಗೂ ವನ್ಯಜೀವಿ ಧಾಮಗಳಲ್ಲಿ ವಿಂಚ್ ಇದೆಯೆಂಬ ಕಾರಣಕ್ಕೆ ಅನುಮತಿಯಿಲ್ಲದೆ ವಾಹನ ಚಲಾಯಿಸುವಂತಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963 ಮತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಇಲ್ಲಿ ಅನ್ವಯಿಸುತ್ತವೆ.

8. ಬಳಸುವಾಗ ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

(1) ಮೊದಲು ಸನಿಕೆ ಹಿಡಿಯತಕ್ಕದ್ದು. ಚಕ್ರದ ಮುಂದಿನ ಕೆಸರನ್ನು ತೆಗೆದಷ್ಟೂ ಬೇಕಾದ ಬಲ ಕಡಿಮೆಯಾಗುತ್ತದೆ.
(2) ಒಬ್ಬರು ಮಾತ್ರ ವಿಂಚ್ ನಡೆಸಬೇಕು. ಉಳಿದವರು, ವಿಶೇಷವಾಗಿ ಮಕ್ಕಳು ಮತ್ತು ನೋಡಲು ನೆರೆದವರು, ಚಾಚಿದ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲಬೇಕು.
(3) ಬಿಗಿದ ಹಗ್ಗವನ್ನು ದಾಟಕೂಡದು, ಅದರ ಮೇಲೆ ಕಾಲಿಡಕೂಡದು. ರಾಟೆಯಿಂದ ಬಾಗಿದ ಹಗ್ಗದ ಒಳಕೋನದಲ್ಲಿ ಯಾರೂ ನಿಲ್ಲಕೂಡದು.
(4) ಹಗ್ಗದ ನಡುಭಾಗಕ್ಕೆ ಭಾರವಾದ ಹೊದಿಕೆ ಹಾಕಬೇಕು. ಬೇರೇನೂ ಇಲ್ಲದಿದ್ದಲ್ಲಿ ಒದ್ದೆಯಾದ ಗೋಣಿಚೀಲಗಳನ್ನಾದರೂ ಹಾಕಬೇಕು.
(5) ಡ್ರಮ್ಮಿನ ಮೇಲೆ ಉಕ್ಕಿನ ಹಗ್ಗದ ಕನಿಷ್ಠ 5 ಸುತ್ತು, ಸಿಂಥೆಟಿಕ್ ಹಗ್ಗದ 8ರಿಂದ 10 ಸುತ್ತು ಉಳಿದಿರಬೇಕು. ಹಗ್ಗವನ್ನು ಹಿಡಿದಿಡುವುದು ಈ ಸುತ್ತುಗಳ ಘರ್ಷಣೆಯೇ ಹೊರತು ತುದಿಯ ತಿರುಪಲ್ಲ.
(6) ಟ್ರೇಲರ್ ಸಿಕ್ಕಿಸುವ ಗುಂಡನ್ನು ಎಳೆಯುವ ಆಧಾರವಾಗಿ ಬಳಸಕೂಡದು. ಅದು ಮುರಿದು ಹಾರಿ ಸಾವು ಸಂಭವಿಸಿದ ಪ್ರಕರಣಗಳಿವೆ.
(7) ಹಗ್ಗವನ್ನು ಮರಕ್ಕೆ ಸುತ್ತಿ ಅದರ ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸಕೂಡದು.
(8) ವಿಂಚಿನ ಹಗ್ಗ ಕಟ್ಟಿಕೊಂಡು ಬೇರೆ ವಾಹನವನ್ನು ಓಡಿಸಿ ಜಗ್ಗಕೂಡದು. ವಿಂಚಿನ ಹಗ್ಗ ಹಿಗ್ಗುವುದು ಬಹಳ ಕಡಿಮೆಯಾದ್ದರಿಂದ ಹಠಾತ್ ಜಗ್ಗಿಗೆ ತುಂಡಾಗುತ್ತದೆ.
(9) ಹಗ್ಗ ಒಳಸರಿಯುವಾಗ ಕೈ ಫೇರ್‌ಲೀಡಿನಿಂದ ಕನಿಷ್ಠ ಒಂದು ಮೀಟರ್ ದೂರದಲ್ಲಿರಬೇಕು.

9. ಪರಿಶೀಲನೆ ಹಾಗೂ ಬದಲಾವಣೆ

ಹಗ್ಗವನ್ನು ಪ್ರತಿ ಬಳಕೆಯ ನಂತರ ಹಾಗೂ ಮುಂಗಾರಿಗೆ ಮುನ್ನ ಪೂರ್ತಿ ಹೊರಗೆಳೆದು ನೋಡತಕ್ಕದ್ದು. ಉಕ್ಕಿನ ಹಗ್ಗದಲ್ಲಿ ಗಂಟುಮುರಿ, ಚಪ್ಪಟೆಯಾದ ಭಾಗ, ಆಳವಾದ ತುಕ್ಕು, ಅಥವಾ ಎಳೆಯು ಒಂದು ಪೂರ್ಣ ಸುತ್ತು ಬರುವಷ್ಟು ಉದ್ದದಲ್ಲಿ ಆರು ತುಂಡಾದ ತಂತಿಗಳು, ಇಲ್ಲವೇ ಒಂದೇ ಎಳೆಯಲ್ಲಿ ಮೂರು ತುಂಡಾದ ತಂತಿಗಳು ಕಂಡಲ್ಲಿ ಬದಲಾಯಿಸಬೇಕು. ಸಿಂಥೆಟಿಕ್ ಹಗ್ಗದಲ್ಲಿ ಕತ್ತರಿಸಿದ ಎಳೆ, ಕರಗಿ ಗಟ್ಟಿಯಾಗಿ ಹೊಳೆಯುವ ಭಾಗ, ಸ್ಪಷ್ಟವಾಗಿ ತೆಳುವಾದ ಭಾಗ ಕಂಡಲ್ಲಿ ಅಷ್ಟನ್ನು ಕತ್ತರಿಸಿ ಮತ್ತೆ ಜೋಡಿಸಬೇಕು ಅಥವಾ ಹೊಸ ಹಗ್ಗ ಹಾಕಬೇಕು. ಹೊರಪದರದ ನವಿರಾದ ನಾರೇಳುವಿಕೆ ಸಹಜ. ಅದೊಂದೇ ಕಾರಣಕ್ಕೆ ಹಗ್ಗ ಬದಲಾಯಿಸಬೇಕಿಲ್ಲ.

ಹೊಸ ಹಗ್ಗವನ್ನು ಸುತ್ತುವಾಗ ಸಮತಟ್ಟು ನೆಲದಲ್ಲಿ ವಾಹನವನ್ನೇ ಹಗುರ ಭಾರವಾಗಿಟ್ಟು ಬಿಗಿಯಾಗಿ ಸುತ್ತಬೇಕು. ಸಡಿಲವಾಗಿ ಸುತ್ತಿದಲ್ಲಿ ಭಾರ ಬಿದ್ದಾಗ ಮೇಲಿನ ಪದರ ಕೆಳಗಿನದರ ನಡುವೆ ಹೂತು ಸಿಕ್ಕಿಕೊಳ್ಳುತ್ತದೆ.

10. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹೆಚ್ಚು ಸಾಮರ್ಥ್ಯದ ವಿಂಚ್ ಕೊಂಡರೆ ಹೆಚ್ಚು ಸುರಕ್ಷಿತವಲ್ಲವೇ?
ಉತ್ತರ: ಅಲ್ಲ. ಹಗ್ಗ, ಶ್ಯಾಕಲ್, ಪಟ್ಟಿ ಮತ್ತು ಚಾಸಿಯ ಬೋಲ್ಟುಗಳು ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಶಕ್ತಿಯುತ ವಿಂಚೇ ಅವುಗಳನ್ನು ಮುರಿಯುತ್ತದೆ.

ಪ್ರಶ್ನೆ: ಉಕ್ಕಿನ ಹಗ್ಗದ ವಿಂಚಿಗೆ ನಂತರ ಸಿಂಥೆಟಿಕ್ ಹಗ್ಗ ಹಾಕಬಹುದೇ?
ಉತ್ತರ: ತಯಾರಕರ ಕೈಪಿಡಿ ಅನುಮತಿಸಿದಲ್ಲಿ ಹಾಕಬಹುದು. ಡ್ರಮ್ಮಿನ ಗೀರು, ಮೊನಚುಗಳನ್ನು ನಯಗೊಳಿಸಿ, ಫೇರ್‌ಲೀಡನ್ನು ಬದಲಾಯಿಸಿ, ಬ್ರೇಕು ಎಲ್ಲಿದೆಯೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಒಂಟಿ ವಾಹನದಲ್ಲಿ ಹೋಗುವಾಗ ವಿಂಚ್ ಸಾಕೇ?
ಉತ್ತರ: ಆಧಾರಕ್ಕೆ ಗಟ್ಟಿಯಾದ ಮರ ಅಥವಾ ಬಂಡೆ ಇಲ್ಲದ ಕಡೆ ವಿಂಚ್ ನಿರುಪಯುಕ್ತ. ಮಳೆಗಾಲದಲ್ಲಿ ಎರಡು ವಾಹನಗಳು ಜೊತೆಯಾಗಿ ಹೋಗುವುದು ಹೆಚ್ಚು ಸುರಕ್ಷಿತ.

11. ಖರೀದಿಗೆ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

(1) ವಾಹನದ ಒಟ್ಟು ತೂಕ ಮತ್ತು ಅದರ ಒಂದೂವರೆ ಪಟ್ಟು.
(2) ತಯಾರಕರ ಕೈಪಿಡಿಯಲ್ಲಿ ನೀಡಿರುವ, ಪದರವಾರು ಎಳೆಯುವ ಬಲದ ಪಟ್ಟಿ.
(3) ಹಗ್ಗ ತುಂಡಾಗುವ ಭಾರ ವಿಂಚಿನ ಸಾಮರ್ಥ್ಯಕ್ಕಿಂತ ಸಾಕಷ್ಟು ಹೆಚ್ಚಿರುವುದು.
(4) ಬ್ರೇಕಿನ ಸ್ಥಾನ ಮತ್ತು ಫೇರ್‌ಲೀಡಿನ ಬಗೆ.
(5) ಬ್ಯಾಟರಿಯ ಸ್ಥಿತಿ.
(6) ರಾಟೆ, ಪಟ್ಟಿ, ಶ್ಯಾಕಲ್‌ಗಳ ಅಚ್ಚೊತ್ತಿದ ಸಾಮರ್ಥ್ಯ.
(7) ನೋಂದಣಿ ಪ್ರಾಧಿಕಾರದ ಲಿಖಿತ ಉತ್ತರ ಹಾಗೂ ವಿಮಾ ಸಂಸ್ಥೆಗೆ ನೀಡಿದ ಸೂಚನೆಯ ಪ್ರತಿ.

ಮೇಲ್ಕಂಡ ಅಂಶಗಳಲ್ಲಿ ಯಾವುದೊಂದು ಖಚಿತವಾಗದಿದ್ದರೂ ಖರೀದಿಯನ್ನು ಮುಂದೂಡುವುದು ಲೇಸು. ಹೂತ ವಾಹನವನ್ನು ಮರುದಿನ ಟ್ರ್ಯಾಕ್ಟರ್ ತರಿಸಿಯಾದರೂ ಎತ್ತಬಹುದು. ತುಂಡಾದ ಹಗ್ಗದಿಂದಾದ ಪ್ರಾಣಹಾನಿಯನ್ನು ತುಂಬಿಕೊಳ್ಳಲಾಗದು. ವಾಹನ ಮಾಲೀಕರು ಹಾಗೂ ಚಾಲಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.